ನಲ್ಲಿ ಮುರಿದದ್ದು ಮೊದಲು ಯಾರಿಗೆ ಗೊತ್ತಾಗುತ್ತದೆ?

ಪ್ರಿಯ ಮೇಷ್ಟ್ರೇ,

ನಿಮ್ಮ ಪತ್ರ ಓದಿದ ಮೇಲೆ ಎರಡು ದಿನ ಅದೇ ಯೋಚನೆಯಲ್ಲಿದ್ದೆ. ವಿರಾಜಪೇಟೆ ಕಡೆಯ ನಿಮ್ಮ ಶಾಲೆಗೆ ದಾನಿಗಳು ಮೂರು ವರ್ಷದ ಹಿಂದೆ ಶೌಚಾಲಯ, ಕೈ ತೊಳೆಯುವ ತೊಟ್ಟಿ ಕಟ್ಟಿಸಿಕೊಟ್ಟರು. ಈಗ ಆರು ನಲ್ಲಿಗಳಲ್ಲಿ ಎರಡರಲ್ಲಷ್ಟೇ ನೀರು ಬರುತ್ತದೆ. ಹೆಣ್ಣುಮಕ್ಕಳ ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲ. "ಮಕ್ಕಳನ್ನೂ ಸೇರಿಸಿಕೊಂಡು ನೋಡಿಕೊಳ್ಳೋಣ ಅಂದರೆ, ಸುತ್ತೋಲೆ ನೋಡಿಲ್ಲವಾ ಅಂತ ಹೆದರಿಸುತ್ತಾರೆ. ಏನು ಮಾಡಲಿ?" ಅಂತ ಕೇಳಿದ್ದೀರಿ.

ಆ ಸುತ್ತೋಲೆ ಸುಮ್ನೆ ಬಂದದ್ದಲ್ಲ. 2023ರ ಕೊನೆಯಲ್ಲಿ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ್ದು ಬಯಲಾಯಿತು. ಮಕ್ಕಳಿಂದ ಶೌಚಾಲಯ ತೊಳೆಸಬಾರದು ಅಂತ ಇಲಾಖೆ ಕಟ್ಟುನಿಟ್ಟು ಮಾಡಿದ್ದು ಆಮೇಲೆ. ನಾನು ಅದರ ಪರ. ನಾನು ಓದಿದ ಶಾಲೆಯಲ್ಲೂ ಶೌಚಾಲಯಕ್ಕೆ ನೀರು ಹೊರುವ ಸರದಿ ಇತ್ತು. ಹೆಸರಿಗೆ ಎಲ್ಲರ ಸರದಿ. ಬಕೆಟ್ ಹಿಡಿದು ಹೋಗುತ್ತಿದ್ದವರು ಮಾತ್ರ ತೋಟದ ಕೂಲಿಯವರ ಲೈನ್ ಮನೆಗಳ ಮಕ್ಕಳು. ಉಳಿದ ನಾವು ಜಗಲಿಯಲ್ಲಿ ನಿಂತು ನೋಡುತ್ತಿದ್ದೆವು. ನನ್ನ ಪಕ್ಕ ಕೂರುತ್ತಿದ್ದ ಹುಡುಗ ಐದನೇ ಕ್ಲಾಸಿಗೆ ಬರಲೇ ಇಲ್ಲ. ಯಾಕೆ ಅಂತ ನಾನು ಕೇಳಲೂ ಇಲ್ಲ. ಆ ನೋವು ಇವತ್ತಿಗೂ ಇದೆ.

ಹಾಗಾಗಿ ತೊಳೆಯುವ ಕೆಲಸ ಸಂಬಳ ಪಡೆಯುವ ದೊಡ್ಡವರದ್ದೇ ಆಗಿರಲಿ. ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನದಲ್ಲಿ ಕನಿಷ್ಠ ಶೇಕಡಾ 10ರಷ್ಟು ಸ್ವಚ್ಛತೆಗೆ ಖರ್ಚಾಗಬೇಕು ಅಂತಲೇ ಇದೆ. ಸಾಲದ್ದಕ್ಕೆ ಪಂಚಾಯಿತಿಯನ್ನು ಕೇಳಿ.

ಮಕ್ಕಳ ಕೆಲಸ ಬೇರೆ. ನಲ್ಲಿ ಮುರಿದರೆ ಮೊದಲು ಗೊತ್ತಾಗುವುದು ಯಾರಿಗೆ? ದಾನಿಗಲ್ಲ, ಇಂಜಿನಿಯರಿಗಲ್ಲ. ಬಿಸಿಯೂಟದ ತಟ್ಟೆ ಹಿಡಿದು ಬರುವ ಮೂರನೇ ಕ್ಲಾಸಿನ ಮಗುವಿಗೆ. ಅದನ್ನು ಯಾರಿಗೆ ಹೇಳಬೇಕು ಅನ್ನುವುದೇ ಆ ಮಗುವಿಗೆ ಗೊತ್ತಿಲ್ಲ, ಅಲ್ವಾ? ನಿಮ್ಮ ಮಕ್ಕಳ ಶಾಲಾ ಸಂಸತ್ತಿನಲ್ಲಿ ಆರೋಗ್ಯ ಮಂತ್ರಿ ಆದ ಮಗು ಇರಬೇಕಲ್ಲ, ಆ ಮಂತ್ರಿಗೆ ಒಂದು ನೋಟ್‌ಬುಕ್ ಕೊಡಿ. ಯಾವ ನಲ್ಲಿ, ಯಾವತ್ತಿನಿಂದ, ಯಾರಿಗೆ ಹೇಳಿದೆವು, ಯಾವತ್ತು ಸರಿಯಾಯಿತು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಆ ಮಗುವೇ ಎದ್ದು ಓದಲಿ. ಅಲ್ಲೂ ಆಗದ್ದನ್ನು ಮಕ್ಕಳ ಗ್ರಾಮಸಭೆಯಲ್ಲಿ ಪಂಚಾಯಿತಿ ಅಧಿಕಾರಿ ಪಿಡಿಒ ಎದುರು ಓದಲಿ. ತಾರೀಖು ಸಮೇತ ಮಗು ಕೇಳಿದರೆ ನೋಡೋಣ ಅಂತ ತಳ್ಳಿಹಾಕುವುದು ಕಷ್ಟ.

ನಮ್ಮ ಕೊಡಗಿನ ಕಥೆಯೇ ವಿಚಿತ್ರ. ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ, ಸೂರು ಹಾರಿಹೋಗುವಷ್ಟು ಮಳೆ, ಮಾರ್ಚ್‌ನಲ್ಲಿ ಶಾಲೆಯ ಟ್ಯಾಂಕ್ ಖಾಲಿ. ಕಾಫಿ ಹೂ ಅರಳಿಸುವ ಹೂಮಳೆ ತಡವಾದರೆ ರೊಬಸ್ಟಾ ಕಾಫಿ ತೋಟಗಳಲ್ಲಿ ಸ್ಪ್ರಿಂಕ್ಲರ್ ಓಡುತ್ತದೆ, ತೋಡಿನ (ಹಳ್ಳದ) ನೀರು ಇಳಿಯುತ್ತದೆ. ನಿಮ್ಮದು ಬಾವಿ ಅಂತ ಬರೆದಿದ್ದೀರಿ. ಅಳತೆ ಗುರುತು ಹಾಕಿದ ಹಗ್ಗದಿಂದ ವಾರಕ್ಕೊಮ್ಮೆ ನೀರಿನ ಮಟ್ಟ ಅಳೆಯಿರಿ. ಹಗ್ಗ ಬಿಡುವುದು ನೀವು, ಬರೆಯುವುದು ಮಕ್ಕಳು. ಒಂದು ವರ್ಷ ಬರೆದರೆ ಯಾವ ವಾರದಿಂದ ಕಷ್ಟ ಶುರು ಅಂತ ಕಾಣುತ್ತದೆ. ಆಗ ಪಂಚಾಯಿತಿಯನ್ನು ಜನವರಿಯಲ್ಲೇ ಕೇಳಬಹುದು. ಗಣಿತವೂ ಆಯಿತು.

ನೀರಿನ ಪರೀಕ್ಷೆಯನ್ನೂ ಮಾಡಿಸಿ. ಪಂಚಾಯಿತಿಯಲ್ಲಿ ಕಿಟ್ ಇರುತ್ತದೆ. ಅದರ ಪುಟ್ಟ ಬಾಟಲಿಗೆ ನೀರು ತುಂಬಿಸಿ ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಡಬೇಕು. ಕಪ್ಪಾದರೆ ಕೊಳಕು ಸೇರಿದೆ ಅಂತ ಅರ್ಥ. ಬಾಟಲಿ ಕಪ್ಪಾದದ್ದನ್ನು ಕಣ್ಣಾರೆ ಕಂಡ ಮಗು ಮನೆಯಲ್ಲೂ ನೀರು ಕುದಿಸಲು ಹಠ ಹಿಡಿಯುತ್ತದೆ. ತೋಡಿನ ನೀರು ಕುಡಿಯುವ ಮನೆಗಳಿಗೆ, ಅದರಲ್ಲೂ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪಿಂಗ್‌ನ ನೀರು ತೋಡು ಸೇರುವ ತಿಂಗಳುಗಳಲ್ಲಿ, ಇದು ತುಂಬಾ ಮುಖ್ಯ.

ಇನ್ನು, ದುರಸ್ತಿಗೆ ಮೊದಲು ಮಕ್ಕಳನ್ನು ಕೇಳಿ. ಒಂದನೇ ಕ್ಲಾಸಿನವರ ಕೈಗೆ ನಲ್ಲಿ ಎಟುಕುತ್ತದಾ? ಮಳೆಗಾಲದಲ್ಲಿ ಶೌಚಾಲಯದ ದಾರಿಯಲ್ಲಿ ಜಿಗಣೆ ಅಂತ ಬೆಳಗಿನಿಂದ ಸಂಜೆವರೆಗೆ ತಡೆದುಕೊಂಡು ಕೂರುತ್ತಾರಾ? ಏಳು ಎಂಟನೇ ಕ್ಲಾಸಿನ ಹುಡುಗಿಯರು ಮುಟ್ಟಿನ ದಿನಗಳ ಕಷ್ಟ ನಿಮ್ಮ ಹತ್ತಿರ ಹೇಳಲಾರರು. ಟೀಚರಮ್ಮನೋ ಆಶಾ ಕಾರ್ಯಕರ್ತೆಯೋ ಕೇಳಲಿ. ಶೌಚಾಲಯದ ಒಳಗೇ ನೀರು, ಮುಚ್ಚಳದ ಡಬ್ಬಿ, ಬ್ಯಾಗ್ ತೂಗುಹಾಕಲು ಒಂದು ಮೊಳೆ. ಇಷ್ಟಕ್ಕೆ ಖರ್ಚು ಜಾಸ್ತಿ ಇಲ್ಲ.

ಮಂತ್ರಿ ಪದವಿ ಪ್ರತಿ ಸಲ ಜಾಣ ಮಕ್ಕಳಿಗೇ ಹೋಗದಿರಲಿ. ಲೈನ್ ಮನೆಯ ಮಕ್ಕಳಿಗೆ, ಎರವರ, ಕುರುಬರ ಹಾಡಿಯ ಮಕ್ಕಳಿಗೆ ಆ ನೋಟ್‌ಬುಕ್ ಸಿಗಬೇಕು. ಕನ್ನಡ ಬರೆಯಲು ತಡವರಿಸಿದರೆ ಚಿತ್ರ ಬಿಡಿಸಲಿ. ದೊಡ್ಡ ಕ್ಲಾಸಿನವರು ಶಾಲೆ ಬಿಟ್ಟು ಹೋಗುತ್ತಾರೆ, ಅವರ ಜೊತೆ ಕಲಿತದ್ದೂ ಹೋಗುತ್ತದೆ. ಅದಕ್ಕೇ ಜೂನ್‌ನಿಂದಲೇ ಐದನೇ ಕ್ಲಾಸಿನ ಒಬ್ಬರನ್ನು ಜೊತೆಗೆ ಬಿಡಿ.

ಚಿಲಕಕ್ಕೆ ಮಾತ್ರ ಈ ನೋಟ್‌ಬುಕ್, ಸಭೆ ಯಾವುದನ್ನೂ ಕಾಯಬೇಡಿ ಮೇಷ್ಟ್ರೇ. ಇದನ್ನು ಓದಿದ ದಿನವೇ ಹಾಕಿಸಿಬಿಡಿ.

— ಸಂಪಾದಕ