ಮೊದಲು ಮಾರುಕಟ್ಟೆಯ ಹಾಡು, ಆಮೇಲೆ ನನ್ನ ಹಾಡು: ಈ ಲೆಕ್ಕ ಸರಿಯೇ?

ಮೊದಲ ಸಿಂಗಲ್‌ನಲ್ಲಿ ನಿರ್ಮಾಪಕರು ಹೇಳಿದಂತೆ ಭಾಷೆಯನ್ನೂ ಧಾಟಿಯನ್ನೂ ಬದಲಿಸಿಕೊಂಡು, ಹೆಸರು ಬಂದ ಮೇಲೆ ನನ್ನತನದ ಹಾಡು ಮಾಡಬಹುದೇ ಎಂದು ಕೇಳಿದ್ದೀರಿ. 2019ರಲ್ಲಿ ನಾನೂ ಇದೇ ಲೆಕ್ಕ ಹಾಕಿದ್ದೆ.

ನನ್ನದು ಗದಗದ ಕಡೆಯ ಊರು. ಊರು ಬಿಟ್ಟು ಹೊರಟವನೊಬ್ಬನ ಹಾಡು ಬರೆದು, ಗಿಟಾರ್ ಮತ್ತು ದಮ್ಮಡಿ ಎಂಬ ಚರ್ಮವಾದ್ಯಕ್ಕೆ ಹೊಂದಿಸಿದ್ದೆ. ಪಲ್ಲವಿಯ ಮೊದಲ ಮಾತು ‘ಹೊಂಟೀನಿ’. ಅದು ಬೆಂಗಳೂರು, ಮೈಸೂರಿನ ಕೇಳುಗರಿಗೆ ತಟ್ಟುವುದಿಲ್ಲ, ‘ಹೊರಟಿರುವೆ’ ಎಂದು ಹಾಡಿ ಎಂದು ನಿರ್ಮಾಪಕರು ಸ್ಟುಡಿಯೋದಲ್ಲಿ ಹೇಳಿದರು. ಬೆರಳು ಮಡಚಿ ಎಣಿಸಿದೆ. ಎರಡೂ ಐದೈದು ಮಾತ್ರೆ. ಲಯ ಕೆಡುವುದಿಲ್ಲವಲ್ಲ ಎಂದು ಒಪ್ಪಿಬಿಟ್ಟೆ.

ನನಗೆ ದುಬಾರಿಯಾದ ತಪ್ಪು ಇದೇ ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾನು ಮಾತ್ರೆ ಎಣಿಸಿದೆ, ಗುರು (ಎರಡು ಮಾತ್ರೆಯ ಅಕ್ಷರ) ಲಘು (ಒಂದು ಮಾತ್ರೆಯ ಅಕ್ಷರ) ನೋಡಲಿಲ್ಲ. ‘ಹೊಂಟೀನಿ’ಯಲ್ಲಿ ಎರಡು ಗುರು, ಒಂದು ಲಘು, ‘ಹೊಂ’ ಎನ್ನುವಾಗ ಅನುಸ್ವಾರದ ಗುಂಗು ದಮ್ಮಡಿಯ ಮೊದಲ ಪೆಟ್ಟಿನ ಮೇಲೆ ನಿಲ್ಲುತ್ತದೆ, ‘ಟೀ’ ಮೂರನೆಯ ಮಾತ್ರೆಯ ಮೇಲೆ ಊರುತ್ತದೆ. ‘ಹೊರಟಿರುವೆ’ಯಲ್ಲಿ ಐದೂ ಲಘು, ನಾಲಿಗೆ ಓಡುತ್ತದೆಯೇ ಹೊರತು ಎಲ್ಲಿಯೂ ಕಾಲೂರುವುದಿಲ್ಲ. ಹೀಗೆ ಹೋದ ತೂಕವನ್ನು ತುಂಬಲು ದಮ್ಮಡಿಯ ಜಾಗಕ್ಕೆ ಕಂಪ್ಯೂಟರಿನ ಡ್ರಮ್ಸ್ ಬಂತು. ಡ್ರಮ್ಸಿನ ಅಬ್ಬರದಲ್ಲಿ ದನಿ ಕೇಳಿಸಲೆಂದು ಶ್ರುತಿಯನ್ನು, ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ, ಬಿಳಿ ಒಂದರಿಂದ ಕಪ್ಪು ಎರಡಕ್ಕೆ ಏರಿಸಿದರು. ಆ ಶ್ರುತಿಯಲ್ಲಿ ನನ್ನ ತಾರ ಷಡ್ಜ (ಮೇಲಿನ ಸ) ನಡುಗುತ್ತಿದ್ದುದರಿಂದ, ಸ್ವರವನ್ನು ಕಂಪ್ಯೂಟರಿನಲ್ಲಿ ತಿದ್ದುವ ಆಟೊಟ್ಯೂನ್ ಹಾಕಿದರು. ಒಂದು ಮಾತು ಬಿಟ್ಟುಕೊಟ್ಟದ್ದಕ್ಕೆ ಕಂಠವೂ ಹೋಯಿತು.

ಕೆಲವು ತಿಂಗಳ ನಂತರ ಹುಬ್ಬಳ್ಳಿಯಲ್ಲಿ ಹಾಡಲು ಕರೆದರು. ನಾನು ಟ್ರ್ಯಾಕಿನ ಜೊತೆ ‘ಹೊರಟಿರುವೆ’ ಎನ್ನುತ್ತಿದ್ದರೆ, ಮುಂದಿನ ಸಾಲಿನ ಹುಡುಗರು ಯಾರೂ ಹೇಳಿಕೊಡದೆ, ಚಪ್ಪಾಳೆಯ ಪೆಟ್ಟಿಗೆ ಸರಿಯಾಗಿ, ‘ಹೊಂಟೀನಿ’ ಎಂದು ಹಾಡುತ್ತಿದ್ದರು. ಅಂದು ವೇದಿಕೆಯ ಮೇಲೆ ನನಗೆ ಬಹಳ ಸಂಕಟವಾಯಿತು. ಒಪ್ಪಂದದ ಪ್ರಕಾರ ಐದು ವರ್ಷ ಆ ಹಾಡನ್ನು ಬೇರೆ ಕಡೆ ಧ್ವನಿಮುದ್ರಿಸುವಂತಿರಲಿಲ್ಲ. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ ಗೀತರಚನೆಕಾರನ ಮತ್ತು ಸಂಯೋಜಕನ ರಾಯಲ್ಟಿ ಪಾಲನ್ನು ಕಾಯುತ್ತದೆ. ಕೃತಿಯನ್ನು ವಿರೂಪಗೊಳಿಸಿ ಕರ್ತೃವಿನ ಗೌರವಕ್ಕೆ ಕುಂದು ತಂದರೆ ಅದನ್ನು ತಡೆಯುವ ಹಕ್ಕು 57ನೇ ಕಲಮಿನಲ್ಲಿದೆ. ಆದರೆ ಇಲ್ಲಿ ಬದಲಾವಣೆಗೆ ಒಪ್ಪಿ ಹಾಡಿದವನು ನಾನೇ.

ಮಾರುಕಟ್ಟೆಯ ಹಾಡು ಬೇರೆ, ನನ್ನತನದ ಹಾಡು ಬೇರೆ ಎಂಬ ನಿಮ್ಮ ವಿಂಗಡಣೆಯನ್ನೇ ನಾನು ಒಪ್ಪುವುದಿಲ್ಲ. ಸಿ. ಅಶ್ವಥ್ ಹಾಸನ ಜಿಲ್ಲೆಯ ಚನ್ನರಾಯಪಟ್ಟಣದವರು. ಶಿಶುನಾಳ ಶರೀಫರ ‘ಕೋಡಗನ ಕೋಳಿ ನುಂಗಿತ್ತ’ ಹಾಡುವಾಗ ಅವರು ‘ನುಂಗಿತ್ತ’ವನ್ನು ‘ನುಂಗಿತು’ ಮಾಡಲಿಲ್ಲ, ಹಳೆ ಮೈಸೂರಿನ ಮಕ್ಕಳೂ ಅದನ್ನು ಹಾಗೆಯೇ ಹಾಡುತ್ತಾರೆ. ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಮ್ಮಿನಲ್ಲಿಯೇ ಶರೀಫರನ್ನು ಗಿಟಾರಿನೊಂದಿಗೆ ಹಾಡಿದರು, ಹೆಸರು ಬರಲಿ ಎಂದು ಕಾಯಲಿಲ್ಲ. ಮೊದಲ ಹಾಡಿನಲ್ಲಿ ಯಾವ ದನಿ ಕೇಳುತ್ತಾರೋ ಅದನ್ನೇ ಜನ ನಿಮ್ಮ ದನಿ ಎಂದು ತಿಳಿಯುತ್ತಾರೆ, ಮುಂದಿನ ಕಾರ್ಯಕ್ರಮಕ್ಕೆ ಕರೆಯುವವರೂ ಅದನ್ನೇ ಕೇಳುತ್ತಾರೆ.

ವಾದ್ಯ, ಹಾಡಿನ ಉದ್ದ, ಮಿಕ್ಸಿಂಗ್ ಬಗ್ಗೆ ನಿರ್ಮಾಪಕರ ಮಾತು ಕೇಳಿ. ಆ ಕೆಲಸ ಅವರಿಗೆ ಗೊತ್ತು. ಆದರೆ ಸ್ಟುಡಿಯೋಗೆ ಹೋಗುವ ಮುನ್ನ ಬರೀ ತಂಬೂರಿಯ ಶ್ರುತಿಗೆ ಇಡೀ ಹಾಡನ್ನು ಫೋನಿನಲ್ಲಿ ಹಾಡಿಟ್ಟುಕೊಳ್ಳಿ, ಯಾವ ಬದಲಾವಣೆ ಸೂಚಿಸಿದರೂ ಫೋನಿನ ಆ ಹಾಡನ್ನೊಮ್ಮೆ ಕೇಳಿದ ನಂತರವೇ ಉತ್ತರ ಕೊಡಿ. ಸಾಹಿತ್ಯವನ್ನೂ ಶ್ರುತಿಯನ್ನೂ ನಿಮ್ಮ ಲಿಖಿತ ಒಪ್ಪಿಗೆಯಿಲ್ಲದೆ ಬದಲಿಸುವಂತಿಲ್ಲ ಎಂಬ ಸಾಲು ಒಪ್ಪಂದದಲ್ಲಿ ಇಲ್ಲದಿದ್ದರೆ ಸಹಿ ಹಾಕಬೇಡಿ.