ಸಿನಿಮಾಕ್ಕೆ ಹೋಗಿ, ಸಹಿ ಮಾತ್ರ ಅವತ್ತು ಬೇಡ

ಪ್ರಶ್ನೆ: ನಾವು ದಾವಣಗೆರೆಯ ಕ್ರೈಸ್ತ ಕುಟುಂಬ. ಅಪ್ಪ ತೀರಿಕೊಂಡ ಮೇಲೆ ಮನೆ ಪಾಲಿನ ವಿಷಯಕ್ಕೆ ಅಣ್ಣನ ಜೊತೆ ನಾಲ್ಕು ವರ್ಷದಿಂದ ಮಾತಿಲ್ಲ. ಈಕ್ವೆಡಾರ್ ಕಾಡಿನಲ್ಲಿ ಸತ್ತ ಐವರು ಮಿಷನರಿಗಳ ಸಿನಿಮಾ ಒಟ್ಟಿಗೆ ನೋಡೋಣ ಎಂದು ಈಗ ಅಮ್ಮನ ಹತ್ತಿರ ಹೇಳಿಕಳಿಸಿದ್ದಾನೆ. ಹೋದರೆ ಪಾಲು ಬಿಟ್ಟಂತೆ, ಹೋಗದಿದ್ದರೆ ನಾನೇ ಕಲ್ಲುಮನಸ್ಸಿನವಳು. ಏನು ಮಾಡಲಿ?

ಉತ್ತರ: ಹೋಗಿ. ಆದರೆ "ಬರ್ತೀನಿ, ಮನೆ ವಿಷಯ ಅವತ್ತು ಬೇಡ" ಅಂತ ನೀವೇ ಅಣ್ಣನಿಗೆ ಫೋನ್ ಮಾಡಿ ಹೇಳಿ. ಅಮ್ಮನ ಕೈಲಿ ಹೇಳಿಸಬೇಡಿ.

ಆ ಐವರ ವಿಷಯದಲ್ಲೂ ಕೆಟ್ಟದ್ದು ನಡುವೆ ಬಂದ ಮಾತಿನಿಂದಲೇ. ಪೈಲಟ್ ನೇಟ್ ಸೇಂಟ್ ವಿಮಾನವನ್ನು ಗಿರಕಿ ಹೊಡೆಸುತ್ತ, ಉದ್ದ ಹಗ್ಗದ ತುದಿಯ ಬಕೆಟ್‌ನಲ್ಲಿ ಆ ಕಾಡಿನ ವಾವೊರಾನಿ ಬುಡಕಟ್ಟಿನ ಜನರಿಗೆ ಉಡುಗೊರೆ ಇಳಿಸುತ್ತಿದ್ದರು. ಮೇಲೆ ವಿಮಾನ ಸುತ್ತುತ್ತಿದ್ದರೂ ಬಕೆಟ್ ನಡುವೆ ಹೆಚ್ಚುಕಡಿಮೆ ನಿಂತೇ ಇರುತ್ತಿತ್ತು. ಅದೇ ಬಕೆಟ್‌ನಲ್ಲಿ ಕೆಳಗಿನವರು ಒಂದು ಜೀವಂತ ಗಿಳಿ ಕಳಿಸಿದರು. ಅಷ್ಟು ಸಲುಗೆ ಬೆಳೆದಿತ್ತು. ಆಮೇಲೆ ಅವರಲ್ಲೊಬ್ಬ ತನ್ನ ಮೇಲಿನ ಸಿಟ್ಟು ತಪ್ಪಿಸಿಕೊಳ್ಳಲು, ಹೊರಗಿನವರು ನಮ್ಮ ಮೇಲೆ ಬಿದ್ದರು ಎಂದು ಸುಳ್ಳು ಹೇಳಿದ. 1956ರ ಜನವರಿ 8ರಂದು ಐವರೂ ಈಟಿಗೆ ಸತ್ತರು. ನೇಟ್ ಅವರ ಅಕ್ಕ ರೇಚಲ್, ಗಂಡನನ್ನು ಕಳೆದುಕೊಂಡ ಎಲಿಸಬೆತ್ ಎಲಿಯಟ್ ಮತ್ತು ಆಕೆಯ ಪುಟ್ಟ ಮಗಳು ಆ ಜನರ ನಡುವೆ ಬದುಕಲು ಹೋದದ್ದು 1958ರಲ್ಲಿ. ಅಷ್ಟು ಕಾಲ ಹಿಡಿಯಿತು, ಭಾಷೆಯನ್ನೂ ಕಲಿಯಬೇಕಾಯಿತು. ನೀವು ಎರಡು ಗಂಟೆಯಲ್ಲಿ ಕರಗಬೇಕಾಗಿಲ್ಲ.

ಈಟಿಯಿಂದ ಇರಿಯುವ ದೃಶ್ಯಗಳು ಗಟ್ಟಿಯಾಗಿವೆ. ಚಿಕ್ಕ ಮಕ್ಕಳು ಬೇಡ, ಅಮ್ಮನಿಗೆ ಮೊದಲೇ ಕಥೆ ಹೇಳಿಡಿ. ಮುಗಿದ ತಕ್ಷಣ ಯಾರಾದರೂ "ನೋಡಿದ್ಯಾ, ಅವರೇ ಕ್ಷಮಿಸಿದರು" ಅಂದೇ ಅನ್ನುತ್ತಾರೆ. ಅಲ್ಲೇ ಮಾತು ಕೆಡುವುದು. ಅಲ್ಲಿ ಕ್ಷಮಿಸಿದ್ದು ನೊಂದವರು, ತಾವಾಗಿ. ಯಾರೂ ಅವರಿಂದ ವಸೂಲಿ ಮಾಡಲಿಲ್ಲ. "ನನಗೆ ಸ್ವಲ್ಪ ದಿನ ಬೇಕು" ಅಂದು ಮಂಡಕ್ಕಿ, ಮಿರ್ಚಿ ತಟ್ಟೆ ಮುಂದಿಡಿ. ಅಣ್ಣನ ಆರೋಗ್ಯ, ಮಕ್ಕಳ ಓದು ಕೇಳಿ. ಮೊದಲ ಸಲಕ್ಕೆ ಅಷ್ಟು ಸಾಕು.

ಹಕ್ಕು ಬಿಡುಗಡೆ ಪತ್ರ ಹೊರಬಂದರೆ ಮಾತ್ರ ಸಹಿ ಹಾಕಬೇಡಿ. ಅಪ್ಪ ಉಯಿಲು ಬರೆಯದಿದ್ದರೆ, 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ಅಮ್ಮನಿಗೆ ಮೂರನೇ ಒಂದು ಪಾಲು, ಉಳಿದದ್ದು ಮಕ್ಕಳಿಗೆ ಸಮ, ಮಗಳೆಂದು ಕಡಿಮೆಯಿಲ್ಲ. ನೀವಿಬ್ಬರೇ ಆದರೆ ಮೂವರಿಗೂ ಒಂದೊಂದು. ಮಾತು ಹತ್ತಿದ ಮೇಲೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಕೊಟ್ಟು ಲೋಕ ಅದಾಲತ್‌ನಲ್ಲಿ ರಾಜಿ ಬರೆಸಿ. ಅದಕ್ಕೆ ಕೋರ್ಟ್ ಡಿಕ್ರಿಯ ಬೆಲೆಯಿದೆ, ಮೇಲ್ಮನವಿ ಇಲ್ಲ. ಹಾಗಾಗಿ ಒಂದೊಂದು ಸಾಲನ್ನೂ ಓದಿಸಿಕೊಂಡೇ ಸಹಿ ಹಾಕಿ.