ಓದುಗರ ಪ್ರಶ್ನೆಗಳು: ಸುವಾರ್ತೆ ಹೇಳಿಯೂ ಫಲ ಕಾಣದಾಗ

ಪ್ರಶ್ನೆ: ಸಹೋದ್ಯೋಗಿಯೊಬ್ಬರಿಗೆ ಎರಡು ವರ್ಷದಿಂದ ಯೇಸುವಿನ ವಿಷಯ ಹೇಳುತ್ತಾ ಬಂದೆ. ಹೊಸ ಒಡಂಬಡಿಕೆ ಕೊಟ್ಟೆ, ಕ್ರಿಸ್ಮಸ್ ಕೂಟಕ್ಕೆ ಕರೆದೆ, ದಿನಾ ಬೆಳಿಗ್ಗೆ ವಾಟ್ಸಾಪ್‌ನಲ್ಲಿ ವಾಕ್ಯ ಕಳಿಸಿದೆ. ಕಳೆದ ವಾರ ಅವರು "ದಯವಿಟ್ಟು ಇನ್ನು ಈ ಮಾತು ಬೇಡ" ಅಂದುಬಿಟ್ಟರು. ಎಲ್ಲವೂ ವ್ಯರ್ಥವಾಯಿತೇ?
– ಓದುಗರು, ದಾವಣಗೆರೆ

ಉತ್ತರ: ಇಲ್ಲ. ಆದರೆ ಅವರು ಬೇಡ ಅಂದಿದ್ದಾರೆ, ಅದನ್ನು ನೀವು ಮೊದಲು ಗೌರವಿಸಬೇಕು. ಮಾರ್ಕ 10ರಲ್ಲಿ ಐಶ್ವರ್ಯವಂತನೊಬ್ಬ ಯೇಸುವಿನ ಮಾತು ಕೇಳಿ ಮುಖ ಬಾಡಿಸಿಕೊಂಡು ಹೊರಟುಹೋಗುತ್ತಾನೆ. ಯೇಸು ಅವನನ್ನು ಪ್ರೀತಿಸಿದನೆಂದು ಅಲ್ಲೇ ಬರೆದಿದೆ. ಆದರೂ ಅವನ ಹಿಂದೆ ಓಡಲಿಲ್ಲ, ಹೇಳಿದ ಮಾತನ್ನು ಹಗುರ ಮಾಡಲೂ ಇಲ್ಲ. ಅವನು ಆಮೇಲೆ ಏನಾದ ಎಂಬುದನ್ನು ಸುವಾರ್ತೆ ನಮಗೆ ತಿಳಿಸುವುದಿಲ್ಲ. ಕೇಳಿಸಿಕೊಂಡವರು ಹೊರಟುಹೋದದ್ದಕ್ಕೆ ಹೇಳಿದವರ ತಪ್ಪೇ ಕಾರಣವೆಂದಾದರೆ, ಅಲ್ಲಿ ತಪ್ಪಿದವರು ಯಾರು?

ಅಪೊಸ್ತಲರ ಕೃತ್ಯಗಳು 17ನ್ನು ಈ ದೃಷ್ಟಿಯಿಂದ ಇನ್ನೊಮ್ಮೆ ಓದಿ. ಅಥೇನೆಯಲ್ಲಿ ಪೌಲನ ಮಾತು ಕೇಳಿ ಕೆಲವರು ಅಪಹಾಸ್ಯ ಮಾಡಿದರು, ಕೆಲವರು ಇನ್ನೊಮ್ಮೆ ಕೇಳುತ್ತೇವೆ ಅಂದರು, ದಿಯೊನುಸ್ಯ, ದಾಮರಿ ಮುಂತಾದ ಕೆಲವರು ನಂಬಿದರು. ಒಂದೇ ಮಾತು, ಒಬ್ಬನೇ ಬೋಧಕ. ಅಲ್ಲಿಂದ ಕೊರಿಂಥಕ್ಕೆ ಬಂದಾಗ ಭಯ, ನಡುಕ ಇತ್ತೆಂದು ಪೌಲನೇ ಆ ಸಭೆಗೆ ಬರೆಯುತ್ತಾನೆ. ಆಗ ಕರ್ತನು ರಾತ್ರಿ ದರ್ಶನದಲ್ಲಿ, ಹೆದರಬೇಡ, ಮಾತಾಡುತ್ತಲೇ ಇರು, ಈ ಊರಿನಲ್ಲಿ ನನಗೆ ಬಹಳ ಜನರಿದ್ದಾರೆ ಎಂದು ಹೇಳಿದನು. ಆ ಜನರಲ್ಲಿ ಎಷ್ಟೋ ಮಂದಿ ಇನ್ನೂ ನಂಬಿರಲೇ ಇಲ್ಲ! ಪೌಲ ಅಲ್ಲಿ ಒಂದೂವರೆ ವರ್ಷ ಉಳಿದದ್ದು ಆ ಒಂದು ಮಾತಿನ ಮೇಲೆ. ದೇವರಲ್ಲಿ ಭರವಸೆ ಇಡುವುದೆಂದರೆ ಇದೇ: ನಮ್ಮ ಕಣ್ಣಿಗೆ ಬೀಳದವರು ಆತನ ಲೆಕ್ಕದಲ್ಲಿದ್ದಾರೆ.

ಯೆಶಾಯ 55ರ "ನನ್ನ ಮಾತು ವ್ಯರ್ಥವಾಗಿ ಹಿಂದಿರುಗುವುದಿಲ್ಲ" ಎಂಬ ವಾಗ್ದಾನವನ್ನು ಈ ಹೊತ್ತಿನಲ್ಲಿ ಬಹಳ ಜನ ಹಿಡಿದುಕೊಳ್ಳುತ್ತಾರೆ. ಹಿಡಿದುಕೊಳ್ಳಿ, ಆದರೆ ನೀವು ಹೇಳಿದ ಪ್ರತಿಯೊಬ್ಬರೂ ನೀವು ಬಯಸಿದ ದಿನ ನಂಬುತ್ತಾರೆ ಎಂದು ಅದರ ಅರ್ಥವಲ್ಲ. ಜನ ಕೇಳಿದರೂ ಗ್ರಹಿಸಲಾರರು ಎಂದು ಅದೇ ಪ್ರವಾದಿಗೆ 6ನೇ ಅಧ್ಯಾಯದಲ್ಲಿ, ಕಳುಹಿಸುವಾಗಲೇ ತಿಳಿಸಲಾಗಿತ್ತು. ದೇವರ ಉದ್ದೇಶ ನೆರವೇರುತ್ತದೆ, ನಮ್ಮ ವೇಳಾಪಟ್ಟಿ ಅಲ್ಲ.

ಈಗ ಮಾಡಬೇಕಾದದ್ದು. ಅವರಿಗೆ ಒಂದೇ ಮಾತು ಹೇಳಿ: "ಸರಿ, ಇನ್ನು ನಾನಾಗಿ ಈ ವಿಷಯ ಎತ್ತುವುದಿಲ್ಲ, ನಮ್ಮ ಸ್ನೇಹಕ್ಕೆ ಇದರಿಂದ ಏನೂ ಆಗುವುದಿಲ್ಲ." ಹೇಳಿದ ಮೇಲೆ ಹಾಗೇ ನಡೆದುಕೊಳ್ಳಿ. ಬೆಳಗಿನ ವಾಟ್ಸಾಪ್ ವಾಕ್ಯ ಇವತ್ತಿಗೇ ನಿಲ್ಲಲಿ. ದಿನಾ ಬರುವ ಸಂದೇಶವನ್ನು ಯಾರೂ ಓದುವುದಿಲ್ಲ, ತೆರೆಯದೆ ಅಳಿಸುವುದು ರೂಢಿಯಾಗುತ್ತದೆ, ಕೊನೆಗೆ ನಿಮ್ಮ ಹೆಸರು ಕಂಡರೇ ಬೇಸರ. ಮಧ್ಯಾಹ್ನ ಜೊತೆಗೆ ಕೂತು ಊಟ ಮಾಡುತ್ತಿದ್ದರೆ ಅದನ್ನು ಮಾತ್ರ ಬಿಡಬೇಡಿ. "ಇವರಿಗೆ ಬೇಕಿದ್ದದ್ದು ನಾನಲ್ಲ, ನನ್ನ ಮತಾಂತರ" ಎಂದು ಅವರಿಗೆ ಅನ್ನಿಸುವುದು ಅದನ್ನು ಬಿಟ್ಟಾಗಲೇ.

ಪ್ರಾರ್ಥನೆಯಲ್ಲಿ "ಅವರನ್ನು ರಕ್ಷಿಸು" ಎಂಬ ಒಂದೇ ಸಾಲು ಸಾಲದು. ಮಗಳ ಪರೀಕ್ಷೆ, ಅತ್ತೆಯ ಮಂಡಿನೋವು, ಸಾಲದ ಕಂತು, ಹೀಗೆ ಅವರ ನಿಜವಾದ ಚಿಂತೆಗಳನ್ನು ಹೆಸರಿಟ್ಟು ದೇವರ ಮುಂದೆ ಇಡಿ. ಮುಂದೆ ಅವರೇ ಏನಾದರೂ ಕೇಳಿದರೆ, 1 ಪೇತ್ರ 3:15 ಹೇಳುವಂತೆ ಸಾತ್ವಿಕತ್ವದಿಂದ, ಕೇಳಿದ ಪ್ರಶ್ನೆಗಷ್ಟೇ ಉತ್ತರ ಕೊಟ್ಟು ನಿಲ್ಲಿಸಿ. ಓದಲು ಏನಾದರೂ ಕೊಡಿ ಅಂದರೆ ಮಾರ್ಕನ ಸುವಾರ್ತೆ ಕೊಡಿ. ಬರೀ 16 ಅಧ್ಯಾಯ, ಒಂದು ಸಂಜೆಯಲ್ಲಿ ಮುಗಿಯುತ್ತದೆ. ದಪ್ಪ ಹೊಸ ಒಡಂಬಡಿಕೆ ಕೈಗೆ ಬಂದರೆ ಹೊಸಬರು ಮತ್ತಾಯನ ವಂಶಾವಳಿಯಲ್ಲೇ ನಿಂತುಬಿಡುತ್ತಾರೆ.

ಪ್ರಶ್ನೆ: ವಿಲಿಯಂ ಕೇರಿಯಂಥವರಿಗೂ ಹಲವು ವರ್ಷ ಫಲ ಸಿಗಲಿಲ್ಲ ಎನ್ನುತ್ತಾರೆ. ನಿಜವೇ?
– ಓದುಗರು, ಹುಬ್ಬಳ್ಳಿ

ಉತ್ತರ: ನಿಜ. ಇಂಗ್ಲೆಂಡಿನ ಮಿಷನರಿ ಕೇರಿ ಬಂಗಾಳಕ್ಕೆ ಬಂದದ್ದು 1793ರ ನವೆಂಬರ್‌ನಲ್ಲಿ. ಮರುವರ್ಷವೇ ಐದು ವರ್ಷದ ಮಗ ತೀರಿಕೊಂಡ. ಬಂಗಾಳಿಗಳಲ್ಲಿ ಮೊದಲನೆಯವನಾಗಿ ಬಡಗಿ ಕೃಷ್ಣ ಪಾಲ್ ದೀಕ್ಷಾಸ್ನಾನ ಪಡೆದದ್ದು 1800ರ ಡಿಸೆಂಬರ್ 28ರಂದು, ಶ್ರೀರಾಮಪುರದ ಹೂಗ್ಲಿ ನದಿಯಲ್ಲಿ. ಅವನ ಭುಜದ ಕೀಲು ತಪ್ಪಿತ್ತು. ಅದನ್ನು ಕೂರಿಸಲು ಹೋದ ವೈದ್ಯ ಜಾನ್ ಥಾಮಸ್ ಸುವಾರ್ತೆಯನ್ನೂ ಹೇಳಿದರು. ಕೇರಿಗೆ ಏಳು ವರ್ಷ ಕಾಯಬೇಕಾಯಿತು, ಅವರಿಗಿಂತ ಮೊದಲೇ ಬಂಗಾಳಕ್ಕೆ ಬಂದಿದ್ದ ಥಾಮಸ್‌ಗೆ ಇನ್ನೂ ಹೆಚ್ಚು.

ಆ ಏಳು ವರ್ಷದಲ್ಲಿ ಕೇರಿ ಕೂತಿರಲಿಲ್ಲ ಎಂಬುದನ್ನು ಮರೆಯಬಾರದು. ಬಂಗಾಳಿ ಹೊಸ ಒಡಂಬಡಿಕೆ ಅನುವಾದವಾದದ್ದು ಆಗಲೇ, 1801ರಲ್ಲಿ ಅಚ್ಚಾಗಿ ಹೊರಬಂತು. ಕೃಷ್ಣ ಪಾಲ್ ನಂಬಿದ ಕೆಲವೇ ತಿಂಗಳಲ್ಲಿ ಅವನ ಭಾಷೆಯಲ್ಲೇ ಪುಸ್ತಕ ಸಿದ್ಧವಿತ್ತು. ನಮ್ಮ ಕನ್ನಡ ಬೈಬಲ್ಲಿನದೂ ಇಂಥದೇ ಕಥೆ. ಮಿಷನರಿ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ, ಪೂರ್ತಿ ಬೈಬಲ್ ಕನ್ನಡದಲ್ಲಿ ಬಂದದ್ದು 1831ರಲ್ಲಿ.

ಪ್ರಶ್ನೆ: ನಮ್ಮ ಯೌವನಸ್ಥರ ಕೂಟ ಜಾತ್ರೆಯಲ್ಲಿ ಸಾವಿರ ಕರಪತ್ರ ಹಂಚಿತು. ಒಂದು ಕರೆಯೂ ಬರಲಿಲ್ಲ, ಹುಡುಗರು ಕುಗ್ಗಿಹೋಗಿದ್ದಾರೆ.
– ಸಭೆಯ ಹಿರಿಯರೊಬ್ಬರು, ಬೆಳಗಾವಿ ಜಿಲ್ಲೆ

ಉತ್ತರ: ಇಲ್ಲಿ ದೇವರ ಮೇಲಿನ ಭರವಸೆಗಿಂತ ಮೊದಲು ವಿಧಾನವನ್ನೇ ನೋಡಬೇಕು. ಇನ್ನೊಬ್ಬರ ಪೂಜಾಸ್ಥಳದ ಹಬ್ಬದಲ್ಲಿ ಹಂಚಿದರೆ, ಪತ್ರದಲ್ಲಿ ಏನೇ ಬರೆದಿರಲಿ, ಅವರ ಹಬ್ಬ ಕೆಡಿಸಲು ಬಂದಂತೆ ಕಾಣುತ್ತದೆ. ಅದು ಬೇಡ. ಬೀಜ ಬಿತ್ತುವವನ ಸಾಮ್ಯದಲ್ಲಿ ದಾರಿಯ ಮಗ್ಗುಲಲ್ಲಿ ಬಿದ್ದದ್ದು ಯಾಕೆ ನಷ್ಟವಾಯಿತೆಂದು ಮತ್ತಾಯ 13:19 ಹೇಳುತ್ತದೆ: ಕೇಳಿದವನಿಗೆ ಅರ್ಥವಾಗಲಿಲ್ಲ. ಸಣ್ಣ ಅಕ್ಷರದಲ್ಲಿ ಹತ್ತು ವಾಕ್ಯ ತುರುಕಿದ ಕರಪತ್ರವನ್ನು ನೂಕುನುಗ್ಗಲಿನಲ್ಲಿ ಅರ್ಥ ಮಾಡಿಕೊಳ್ಳುವವರು ಯಾರು? ಇಬ್ಬಿಬ್ಬರಾಗಿ, ಈಗಾಗಲೇ ಪರಿಚಯವಿರುವ ನಾಲ್ಕೈದು ಮನೆಗಳಿಗೆ, ಅವರು ಬನ್ನಿ ಅಂದರೆ ಮಾತ್ರ ಹೋಗಲಿ. ಹಣ, ಕೆಲಸ, ಶಾಲೆಯ ಸೀಟು, ಕಾಯಿಲೆ ವಾಸಿಯಾಗುವ ಭರವಸೆ, ಇವುಗಳ ಸುದ್ದಿಯೇ ಬೇಡ. ಆಸೆ ತೋರಿಸಿ ತಂದ ನಂಬಿಕೆ ಆಸೆ ತೀರದ ದಿನ ಹೋಗುತ್ತದೆ, ಗುಪ್ತ ನಾಚಿಕೆಯ ಕಾರ್ಯಗಳನ್ನು ಬಿಟ್ಟಿದ್ದೇವೆ ಎಂಬ ಪೌಲನ ಮಾತಿಗೂ ಅದು ವಿರುದ್ಧ. ಹೊಸಬರೊಬ್ಬರು ಭಾನುವಾರ ಬಂದರೆ ಪಕ್ಕದಲ್ಲಿ ಕೂತು ಹಾಡಿನ ಪುಟ ತೆಗೆದುಕೊಡುವವರು ಯಾರೆಂದು ಮೊದಲೇ ಗೊತ್ತುಮಾಡಿ.

ಪ್ರಶ್ನೆ: ಗಂಡ ಹನ್ನೊಂದು ವರ್ಷದಿಂದ ನಂಬಿಲ್ಲ. ಹೇಳಿ ಹೇಳಿ ಸಾಕಾಗಿದೆ.
– ಓದುಗರು, ಬಾಗಲಕೋಟೆ

ಉತ್ತರ: ಹೇಳುವುದನ್ನು ನಿಲ್ಲಿಸಿ. 1 ಪೇತ್ರ 3:1 ನಿಮ್ಮಂಥವರಿಗೇ ಬರೆದದ್ದು, ಮಾತಿಲ್ಲದೆಯೇ ನಡತೆಯಿಂದ ಗೆಲ್ಲುವುದು. ಅವರಿಗೆ ತಿಳಿಯದಂತೆ ಮನೆಯ ದುಡ್ಡನ್ನು ಕಾಣಿಕೆಗೆ ಹಾಕಬೇಡಿ. ಇಷ್ಟು ಹೊತ್ತಿಗೆ ಬರುತ್ತೇನೆ ಅಂದರೆ ಅಷ್ಟು ಹೊತ್ತಿಗೆ ಬನ್ನಿ. ಮಕ್ಕಳ ಬಾಯಲ್ಲಿ ಬೋಧನೆ ಮಾಡಿಸಬೇಡಿ. ಯೇಸುವಿನ ಸ್ವಂತ ತಮ್ಮಂದಿರೇ ಆತನನ್ನು ನಂಬಿರಲಿಲ್ಲ ಎನ್ನುತ್ತದೆ ಯೋಹಾನ 7:5. ಒಂದೇ ಮನೆಯಲ್ಲಿ ಬೆಳೆದವರು! ಅವರಲ್ಲೊಬ್ಬನಾದ ಯಾಕೋಬ ಪುನರುತ್ಥಾನದ ನಂತರ ಯೆರೂಸಲೇಮಿನ ಸಭೆಯ ಸ್ತಂಭವಾದ. ನಿಮ್ಮ ಮನೆಯಲ್ಲೂ ಹಾಗೇ ಆಗುತ್ತದೆಂದು ನಾವು ಮಾತು ಕೊಡಲಾರೆವು. ಹನ್ನೊಂದು ವರ್ಷದ ಅಪನಂಬಿಕೆ ದೇವರ ಕೈಗೆ ಮೀರಿದ್ದಲ್ಲ ಎಂದು ಮಾತ್ರ ಧೈರ್ಯವಾಗಿ ಹೇಳಬಲ್ಲೆವು.

ಪ್ರಶ್ನೆ: ದೀಕ್ಷಾಸ್ನಾನ ಪಡೆದ ಯುವಕ ಎಂಟು ತಿಂಗಳಲ್ಲಿ ಸಭೆ ಬಿಟ್ಟ. ಹೋಗಿ ಕರೆಯಬೇಕೇ?
– ಸಭಾಪಾಲಕರೊಬ್ಬರು, ಕೋಲಾರ

ಉತ್ತರ: ಹೋಗಿ. ಆದರೆ ಮೊದಲ ಭೇಟಿಯಲ್ಲಿ ಸಭೆಗೆ ಯಾಕೆ ಬರುತ್ತಿಲ್ಲ ಎಂದು ಕೇಳಬೇಡಿ. ಮನೆಯವರ ಒತ್ತಡವೋ, ಸಭೆಯಲ್ಲಿ ಯಾರಾದರೂ ಅಂದ ಮಾತೋ, ನಿಮ್ಮ ಮೇಲೆ ನಂಬಿಕೆ ಬಂದಾಗ ಅವನೇ ಹೇಳುತ್ತಾನೆ. ಪೌಲನನ್ನು ಅರ್ಧದಾರಿಯಲ್ಲಿ ಬಿಟ್ಟು ಹೋದ ಮಾರ್ಕನನ್ನು ಪೌಲನ ಜೊತೆಗಾರ ಬಾರ್ನಬ ಮತ್ತೆ ಜೊತೆಗೆ ಕರೆದುಕೊಂಡ. ಕೊನೆಗಾಲದ ಪತ್ರದಲ್ಲಿ ಪೌಲನೇ, ಅವನು ನನಗೆ ಉಪಯುಕ್ತ, ಕರೆದುಕೊಂಡು ಬಾ ಎಂದು ತಿಮೊಥೆಯನಿಗೆ ಬರೆದ. ನಿಮ್ಮ ಸಭೆಯಲ್ಲಿ ಬಾರ್ನಬನ ಸ್ವಭಾವದವರು ಯಾರಿದ್ದಾರೋ ಅವರನ್ನು ಜೊತೆಗೆ ಕರೆದುಕೊಂಡು ಹೋಗಿ.